ಸೀಬೆಹಣ್ಣಿನ ಇನ್‌ಸ್ಪೆಕ್ಷನ್

ಈಡನ್ ತೋಟದಲ್ಲಿ ಆದಮನ ಜಾಗದಲ್ಲಿ ನಮ್ಮ ಮಾವನವರು ಇದ್ದಿದ್ದರೆ ಮನುಷ್ಯಕುಲಕ್ಕೆ ಇಷ್ಟೆಲ್ಲ ಕಷ್ಟ ಬರುತ್ತಲೇ ಇರಲಿಲ್ಲ. ಈವ್ ಪಾಪ, ಅಷ್ಟು ಆಸೆಯಿಂದ ಹಣ್ಣನ್ನು ಮುಂದೆ ಹಿಡಿಯುತ್ತಿದ್ದಳು. ಇವರು ಕನ್ನಡಕವನ್ನು ಹಣೆಗೇರಿಸಿ, ಹಣ್ಣನ್ನು ಬೆಳಕಿಗೆ ಹಿಡಿದು, ಒಂದು ಸುತ್ತು ತಿರುಗಿಸಿ, "ಇಲ್ಲೊಂದು ಡೆಂಟ್ ಇದೆ ನೋಡಮ್ಮ, ವಾಪಸ್ ಕಳಿಸು" ಎನ್ನುತ್ತಿದ್ದರು. ಹಾವು ಇನ್ನೊಂದು ಲಾಟ್ ತರಬೇಕಾಗುತ್ತಿತ್ತು. ಅದರಲ್ಲೂ ಡೆಂಟ್! ಕೊನೆಗೆ ಹಾವಿಗೇ ಸಾಕಾಗಿ ಅದು ಮರ ಬಿಟ್ಟು ಹೋಗುತ್ತಿತ್ತು. ನಾವೆಲ್ಲ ಇವತ್ತಿಗೂ ಆ ತೋಟದಲ್ಲೇ ಆರಾಮಾಗಿ ಇರುತ್ತಿದ್ದೆವು. ಕಾನ್ವೆಂಟಿನಲ್ಲಿ ನಮಗೆ ಸ್ಕ್ರಿಪ್ಚರ್ ಹೇಳಿಕೊಡುತ್ತಿದ್ದ ಸಿಸ್ಟರ್ ಈ ಮಾತು ಕೇಳಿದ್ದರೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೆ ಆ ಸಿಸ್ಟರ್ ನಮ್ಮ ಮಾವನವರನ್ನು ನೋಡಿರಲಿಲ್ಲ. ವಾಟ್ ಟು ಡೂ?

ಮಾವ ಎಂದರೆ ನನ್ನ ಗಂಡನ ತಂದೆ. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟಿನಲ್ಲಿ ಇಡೀ ಸರ್ವೀಸು ಕಳೆದವರು. ರಿಟೈರ್ ಆದ ಮೇಲೂ ಮನೆಯಲ್ಲಿ ಕೂರಲಾರದೆ ಪೀಣ್ಯದ ಸಣ್ಣದೊಂದು ಲೇತ್ ವರ್ಕ್‌ಶಾಪಿನಲ್ಲಿ ಅದೇ ಕೆಲಸಕ್ಕೆ ಸೇರಿದ್ದರು. ಬೇರೆಯವರು ಮಾಡಿದ ಶಾಫ್ಟು, ಬುಷ್ಷುಗಳನ್ನು ಅಳೆದು ನೋಡುವುದು, ಸರಿ ಇಲ್ಲದ್ದರ ಮೇಲೆ ಕೆಂಪು ಇಂಟು ಹಾಕಿ ಪಕ್ಕಕ್ಕೆ ಇಡುವುದು, ಸರಿ ಇದ್ದದ್ದರ ಮೇಲೆ ನೀಲಿ ಟಿಕ್ ಹಾಕಿ ಮುಂದಕ್ಕೆ ಕಳಿಸುವುದು. ಅದಕ್ಕೆಂದೇ ಕಬ್ಬಿಣದ ಮೇಲೂ ಗುರುತು ಮೂಡುವ ಮೇಣದಂಥ ಪೆನ್ಸಿಲ್ಲು. ಒಂದು ತುದಿ ಕೆಂಪು, ಇನ್ನೊಂದು ನೀಲಿ. ವರ್ಕ್‌ಶಾಪಿನದು ವರ್ಕ್‌ಶಾಪಿನಲ್ಲೇ ಇರುತ್ತಿತ್ತು. ಮನೆಗೆ ಬೇರೆ ಒಂದು! ವರ್ಕ್‌ಶಾಪಿಗೆ ಹೋಗುವ ಹೊತ್ತು ಬಿಟ್ಟರೆ ಅದು ಸದಾ ಅವರ ಬಲಗಿವಿಯ ಮೇಲೆ. ಈ ಮನೆಯ ಪೆನ್ಸಿಲ್ಲಿನ ಕೆಂಪು ತುದಿ ಸವೆದು ಮೊಂಡಾಗಿ ಮತ್ತೆ ಮತ್ತೆ ಕೆತ್ತಿಸಿಕೊಳ್ಳುತ್ತಿತ್ತು. ನೀಲಿ ತುದಿಯ ಮೇಲೆ ಬ್ಲೇಡು ಒಂದು ಸಲವೂ ಆಡಿರಲಿಲ್ಲ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇತ್ತು. ಅಂದರೆ ನಮ್ಮ ಮನೆಯಲ್ಲಿ ಯಾವುದೂ ಯಾವತ್ತೂ ಪಾಸಾಗಿರಲಿಲ್ಲ ಎಂದು ಅರ್ಥ.

ನಾನೂ ಆಗಿರಲಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನನ್ನು ನೋಡಲು ಬಂದ ದಿನವೂ ಆ ಪೆನ್ಸಿಲ್ಲು ಕಿವಿಯ ಮೇಲಿತ್ತು. ಅತ್ತೆ ಅಷ್ಟರಲ್ಲಿ ತೀರಿಹೋಗಿದ್ದರು, ಹಾಗಾಗಿ ಅಪ್ಪ ಮಗ ಇಬ್ಬರೇ ಬಂದಿದ್ದರು. ನಮ್ಮಪ್ಪ ನಮ್ಮೆಲ್ಲರಿಗಿಂತ ಹೆಚ್ಚು ಬೆವರುತ್ತಿದ್ದರು. ನಾನು ಉಪ್ಪಿಟ್ಟು, ಕೇಸರಿಬಾತು, ಬಾಳೆಹಣ್ಣಿನ ತಟ್ಟೆ ತಂದಿಟ್ಟು, ಕಾನ್ವೆಂಟಿನಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ ಕೂತೆ. ಮಾವ ಉಪ್ಪಿಟ್ಟು ತಿಂದರು. ಕೇಸರಿಬಾತು ತಿಂದರು. ಬಾಳೆಹಣ್ಣೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಕಿವಿಯಿಂದ ಪೆನ್ಸಿಲ್ಲು ತೆಗೆದು ಸಿಪ್ಪೆಯ ಮೇಲೆ ದೊಡ್ಡದಾಗಿ ಒಂದು ಕೆಂಪು ಇಂಟು ಹಾಕಿ, ನನ್ನ ಮುಖವನ್ನೊಮ್ಮೆ ನೋಡಿ, ಹಣ್ಣನ್ನು ತಟ್ಟೆಗೆ ವಾಪಸ್ ಇಟ್ಟರು.

ಅದು ಯಾವುದೋ ದೊಡ್ಡ ಮನೆತನದ ನಯವಾದ ಪದ್ಧತಿ, ಹುಡುಗಿ ಬೇಡ ಎಂದು ಬಾಯಿಬಿಟ್ಟು ಹೇಳುವ ಬದಲು ಹೀಗೆ ಹಣ್ಣಿನ ಮೇಲೆ ಬರೆದು ತಿಳಿಸುತ್ತಾರೆ ಎಂದು ನಮ್ಮಪ್ಪ ತೀರ್ಮಾನಿಸಿಬಿಟ್ಟರು. ಇಂಗ್ಲಿಷು ಸ್ವಲ್ಪ ಹೆಚ್ಚಾಗಿದೆ ಅಷ್ಟೆ, ಅಡುಗೆ ಚೆನ್ನಾಗಿ ಮಾಡುತ್ತಾಳೆ, ಹಾಡುತ್ತಾಳೆ, ಹೊಲಿಯುತ್ತಾಳೆ ಎಂದು ಒಂದೇ ಉಸಿರಿನಲ್ಲಿ ಶುರು ಮಾಡಿದರು. ನಾನು ಹೊಲಿಯುತ್ತೇನೆಂದು ನನಗೇ ಅವತ್ತು ಗೊತ್ತಾದದ್ದು! ಮಾವ ಗಾಬರಿಯಾದರು.

"ನಾನು ಬಾಳೆಹಣ್ಣಿಗೆ ಹಾಕಿದ್ದು ಸ್ವಾಮಿ. ಹುಡುಗಿಗಲ್ಲ."

ಅಷ್ಟೆ. ಹುಡುಗಿ ಓಕೆ ಎಂದೂ ಹೇಳಲಿಲ್ಲ, ನಾಟ್ ಓಕೆ ಎಂದೂ ಹೇಳಲಿಲ್ಲ. ಮದುವೆ ಆಯಿತು. ನಾನು ಒಂಥರಾ ಪ್ರೊವಿಷನಲ್ ಆಗಿ ಆ ಮನೆ ಸೇರಿದೆ.

ಮನೆ ಲಗ್ಗೆರೆಯ ಕಡೆ. ಈಗ ಅಲ್ಲಿ ಗೋಡೆಗೆ ಗೋಡೆ ಅಂಟಿದೆ. ಆಗ ಒಂದು ಕಡೆ ರಾಗಿ ಹೊಲ, ಒಂದು ಕಡೆ ಸೀಬೆ ಮರಗಳು, ಗಾಳಿ ತಿರುಗಿದರೆ ಪೀಣ್ಯದಿಂದ ಸುಟ್ಟ ಎಣ್ಣೆಯ ವಾಸನೆ. ಬೆಳಿಗ್ಗೆ ಪೀಣ್ಯದ ಕಾರ್ಖಾನೆಗಳ ಸೈರನ್ನು ಕೂಗುವುದಕ್ಕೆ ಮೊದಲೇ ಮಾವ ಅಂಗಳದಲ್ಲಿ ಶತಪಥ ಹಾಕುತ್ತಿರುತ್ತಿದ್ದರು. ಕೂತು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ನನ್ನ ದೋಸೆಯನ್ನು ನಿಂತುಕೊಂಡೇ ಬೆಳಕಿಗೆ ಹಿಡಿದು, "ಈ ಕಡೆ ಸ್ವಲ್ಪ ಜಾಸ್ತಿ ಬಂದಿದೆ" ಎನ್ನುತ್ತಿದ್ದರು. ಆದರೂ ತಿನ್ನುತ್ತಿದ್ದರು. ಅನ್ನ, ಸಾರು, ಮಜ್ಜಿಗೆ, ಹಪ್ಪಳ, ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಿದ ಆಲೂಗಡ್ಡೆ, ಇಷ್ಟಕ್ಕೆ ಅವರಲ್ಲಿ ಸ್ವಲ್ಪ ರಿಯಾಯಿತಿ ಇತ್ತು. ಸೊಪ್ಪು, ಬೇರೆ ತರಕಾರಿ ಎಲ್ಲ ತಟ್ಟೆಯ ಅಂಚಿಗೇ ಸರಿಯುತ್ತಿದ್ದವು.

ಹಣ್ಣಿಗಂತೂ ರಿಯಾಯಿತಿ ಇಲ್ಲವೇ ಇಲ್ಲ. ಬಾಳೆಹಣ್ಣು ಡೊಂಕು, ಅದಕ್ಕೆ ಸೆಂಟರ್ ಲೈನೇ ಇಲ್ಲ. ಕಿತ್ತಳೆಯ ತೊಳೆಗಳು ಒಂದರಂತೆ ಒಂದಿಲ್ಲ. ಸಪೋಟದ ಮೈ ಹೊರಗೆ ಎಮರಿ ಪೇಪರು, ಒಳಗೆ ಗ್ರೀಸು. ಹಲಸಿನಹಣ್ಣೋ, ಡ್ರಾಯಿಂಗೇ ಇಲ್ಲದೆ ಯಾರೋ ಕುಡಿದು ಮಾಡಿದ ಐಟಂ! ದಾಳಿಂಬೆಯನ್ನು ಮಾತ್ರ ಒಮ್ಮೆ ಬಿಡಿಸಿ, ಬಹಳ ಹೊತ್ತು ನೋಡಿ, ಮೆಚ್ಚುಗೆಯಿಂದ ತಲೆದೂಗಿದರು. ನನಗೆ ಆಸೆ ಹುಟ್ಟಿತು. "ಪ್ಯಾಕಿಂಗ್ ಚೆನ್ನಾಗಿದೆ" ಎಂದು ಹೇಳಿ ಮುಚ್ಚಿಟ್ಟರು.

ನಗುತ್ತಾ ನಗುತ್ತಾ ಒಂದೆರಡು ವರ್ಷ ಕಳೆಯಿತು. ಆಮೇಲೆ ಒಂದು ದಿನ ಬೆಳಿಗ್ಗೆ ಮಾವ ಹಲ್ಲುಜ್ಜಿದ ಬಚ್ಚಲಿನಲ್ಲಿ ರಕ್ತ ನೋಡಿದೆ. ಕೇಳಿದರೆ ಬ್ರಷ್ಷು ರಿಜೆಕ್ಟ್ ಎಂದರು. ಹೊಸ ಬ್ರಷ್ಷು ತಂದೆವು. ಮತ್ತೆ ರಕ್ತ. ಪಂಚೆ ಎತ್ತಿ ಕಟ್ಟಿದಾಗ ಕಾಲಿನ ಮೇಲೆಲ್ಲ ಎಲ್ಲೂ ತಗುಲಿಸಿಕೊಳ್ಳದೆ ಎದ್ದ ನೀಲಿ ಕಲೆಗಳು. ಶತಪಥದ ನಡುವೆ ಅವರು ಮೆಟ್ಟಿಲ ಮೇಲೆ ಕೂರಲು ಶುರು ಮಾಡಿದರು. ಯಾವತ್ತೂ ಕೂರದ ಮನುಷ್ಯ ಕೂತರೆ ಮನೆಯವರಿಗೆ ನಿಲ್ಲಲಾಗುತ್ತದೆಯೇ? ನಾನು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡಿ ಹಾಲು ಉಕ್ಕಿಸಿದೆ.

ಪೀಣ್ಯದ ಕ್ಲಿನಿಕ್ಕಿನ ಡಾಕ್ಟರು ಬಾಯಿ ತೆಗೆಸಿ ನೋಡಿದರು, ಕಾಲು ನೋಡಿದರು, ಏನೇನು ಊಟ ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಇದು ಹಿಂದಿನ ಕಾಲದಲ್ಲಿ ಹಡಗಿನಲ್ಲಿ ಹೋಗುವವರಿಗೆ ಬರುತ್ತಿದ್ದ ಕಾಯಿಲೆ ಎಂದರು. ತಿಂಗಳುಗಟ್ಟಲೆ ಹಣ್ಣು ಸೊಪ್ಪು ಕಾಣದೆ ಇದ್ದರೆ ಹೀಗಾಗುತ್ತದೆಯಂತೆ. ಹೀಗೇ ಬಿಟ್ಟರೆ ಹಲ್ಲು ಉದುರುತ್ತದೆ, ಆಮೇಲೆ ಎದ್ದು ನಿಲ್ಲುವುದೂ ಕಷ್ಟ, ಅದಕ್ಕೂ ಆಮೇಲಿನದನ್ನು ನಾನು ಹೇಳುವುದಿಲ್ಲ ಎಂದರು. ನನಗೆ ಥಟ್ಟನೆ ಹಿಸ್ಟರಿ ಕ್ಲಾಸು ನೆನಪಾಯಿತು. ಸ್ಕರ್ವಿ! ನಡುಗಡಲಿನ ನಾವಿಕರು, ನಿಂಬೆಹಣ್ಣಿನ ಪೀಪಾಯಿಗಳು. ಲಗ್ಗೆರೆಯ ಕೆರೆ ಬಿಟ್ಟರೆ ಬೇರೆ ನೀರು ಕಾಣದ ನಮ್ಮ ಮಾವನವರಿಗೆ ಸೇಲರ್‌ಗಳ ಕಾಯಿಲೆ!

ಡಾಕ್ಟರು ಚೀಪುವ ಮಾತ್ರೆ ಕೊಟ್ಟರು. ಮಾವ ಒಂದನ್ನು ಬಾಯಿಗೆ ಹಾಕಿಕೊಂಡು ತಕ್ಷಣ ಅಂಗೈಗೆ ಉಗಿದರು. ಅದು ಕಿತ್ತಳೆಯ ರುಚಿಯದ್ದು. "ಹಣ್ಣಿಗೆ ವೇಷ ಹಾಕಿ ಕಳಿಸಿದ್ದಾರೆ" ಎಂದರು.

ಈಗಿನ ಮ್ಯಾಗಜೀನುಗಳಲ್ಲಿ ಫಸ್ಸಿ ಈಟರ್‌ಗಳಿಗೆ ಹಣ್ಣು ತಿನ್ನಿಸುವುದು ಹೇಗೆಂದು ಬಣ್ಣಬಣ್ಣದಲ್ಲಿ ಬರೆಯುತ್ತಾರೆ. ನಕ್ಷತ್ರದ ಆಕಾರಕ್ಕೆ ಕತ್ತರಿಸಿ, ಮೊಸರಿನಲ್ಲಿ ಅಡಗಿಸಿ, ಕಡ್ಡಿಗೆ ಪೋಣಿಸಿ ಎಂದೆಲ್ಲ. ಮೈ ಡಿಯರ್ ಗರ್ಲ್ಸ್, ಅದನ್ನೆಲ್ಲ ನಾನು ಆಗಲೇ ಮಾಡಿ ಸೋತಿದ್ದೇನೆ! ಅನಾನಸ್ ಗೊಜ್ಜು ಮಾಡಿದೆ. ಅವರು ಹೋಳುಗಳನ್ನೆಲ್ಲ ಹೆಕ್ಕಿ ತಟ್ಟೆಯ ಅಂಚಿನಲ್ಲಿ ವಾಷರುಗಳ ಹಾಗೆ ಸಾಲಾಗಿ ಜೋಡಿಸಿಟ್ಟು ಬರೀ ರಸ ಕಲಸಿಕೊಂಡರು. ಕೇಸರಿಬಾತಿಗೆ ಬಾಳೆಹಣ್ಣು ಕಿವುಚಿದೆ. ಮೂಸಿ ನೋಡಿ ತಟ್ಟೆಯನ್ನು ನನ್ನ ಗಂಡನ ಕಡೆ ತಳ್ಳಿದರು. ಸಾರನ್ನು ಕೆಳಗಿಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದೆ. ಅದು ಎರಡು ತುತ್ತು ಒಳಗೆ ಹೋಯಿತು, ನಾನು ಮನಸ್ಸಿನಲ್ಲೇ ದೇವರಿಗೆ ಥ್ಯಾಂಕ್ಸ್ ಹೇಳುತ್ತಿದ್ದೆ. ಅಷ್ಟರಲ್ಲಿ ಮಾವ ಊಟ ನಿಲ್ಲಿಸಿ, ನಾಲಿಗೆಯ ತುದಿಯಿಂದ ಒಂದು ನಿಂಬೆ ಬೀಜ ತೆಗೆದು, ಮೆಷಿನ್ನಿನಲ್ಲಿ ಸಿಕ್ಕ ಕಬ್ಬಿಣದ ಚೂರಿನಂತೆ ಅದನ್ನು ನನ್ನ ಅಂಗೈಯಲ್ಲಿಟ್ಟು, "ಇದು ಎಲ್ಲಿಂದ ಬಂತಮ್ಮ?" ಎಂದು ಕೇಳಿದರು. ನನ್ನ ಗಂಡ ತಲೆ ಬಗ್ಗಿಸಿಕೊಂಡು ನಗು ನುಂಗುತ್ತಿದ್ದರು. ಗಂಡಸರಿಗೆ ಇಂಥ ಹೊತ್ತಿನಲ್ಲೇ ಸೆಕೆಂಡ್ ಶಿಫ್ಟ್ ಇರುತ್ತದೆ, ಎದ್ದು ಹೊರಟೇಬಿಟ್ಟರು.

ಆಮೇಲೆ ಒಂದು ದಿನ ಮಾವ ಮಧ್ಯಾಹ್ನಕ್ಕೇ ಮನೆಗೆ ಬಂದರು. ಕೈಯಲ್ಲಿ ಊಟದ ಕ್ಯಾರಿಯರು ತುಂಬಿದ ಹಾಗೇ ಇತ್ತು. ವರ್ಕ್‌ಶಾಪಿನ ಯಜಮಾನರು ಒಳ್ಳೆಯವರೇ. ಮಾವ ಬೆಳಿಗ್ಗೆ ಟೇಬಲ್ಲಿನ ಮೇಲೆ ತಲೆಯಿಟ್ಟು ಕೂತದ್ದನ್ನು ನೋಡಿ, ಹುಷಾರಾಗುವವರೆಗೂ ಮನೆಯಲ್ಲಿ ರೆಸ್ಟ್ ತೆಗೆದುಕೊಳ್ಳಿ, ಆಮೇಲೆ ನೋಡೋಣ ಎಂದಿದ್ದರು. ಮಾವ ಅಂಗಳದಲ್ಲೇ ನಿಂತು ನನಗೆ ಅದನ್ನು ಹೇಳಿದ ರೀತಿ ಮಾತ್ರ ಬೇರೆ.

"ಪಕ್ಕಕ್ಕೆ ಇಟ್ರಮ್ಮ ನನ್ನ."

ನಾನು ಅವರ ಕೈಯಿಂದ ಕ್ಯಾರಿಯರು ಇಸಿದುಕೊಂಡೆ.

ಮನೆಯಲ್ಲಿದ್ದ ಆ ದಿನಗಳಲ್ಲಿ ಅವರೂ ನೆಮ್ಮದಿಯಾಗಿರಲಿಲ್ಲ, ನಮ್ಮನ್ನೂ ಇರಲು ಬಿಡಲಿಲ್ಲ. ಗೋಡೆಯ ದೇವರ ಪಟಗಳಿಗೆ ರಸಮಟ್ಟ ಇಟ್ಟು ನೋಡಿ ಲಕ್ಷ್ಮಿಯ ಚೌಕಟ್ಟಿಗೆ ಒಂದು ಇಂಟು. ಸರಿಯಾಗಿ ಮುಚ್ಚದ ಬಾಗಿಲಿಗೆ ಇಂಟು. ಕುಂಬಳಕಾಯಿಗೆ ಇಂಟು. ಕುಕ್ಕರಿನ ಸೀಟಿ ಒಂದೇ ಸಮನೆ ಕೂಗುವುದಿಲ್ಲವೆಂದು ಅದರ ಮುಚ್ಚಳಕ್ಕೂ ಇಂಟು! ಮನೆಗೆ ಬಂದವರು ಇದೇನು, ಮನೆಯವರಿಗೆ ದೃಷ್ಟಿ ತೆಗೆಸುತ್ತಿದ್ದೀರಾ ಎಂದು ಕೇಳುತ್ತಿದ್ದರು. ಎರಡು ಇಂಟುಗಳ ನಡುವೆ ಮಾವ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಪೀಣ್ಯದ ಸೈರನ್ನು ಕೂಗಿದರೆ ಎದ್ದು ನಿಂತು, ಹೋಗುವುದಕ್ಕೆ ಎಲ್ಲೂ ಇಲ್ಲದೆ ಮತ್ತೆ ಕೂರುತ್ತಿದ್ದರು. ಆ ಸೈರನ್ನಿನ ಬಾಯಿ ಮುಚ್ಚಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿತ್ತು.

ನಮ್ಮ ಬೀದಿಗೆ ಹಣ್ಣಿನ ಮುನಿಯಮ್ಮ ಬರುತ್ತಿದ್ದಳು. ಲಗ್ಗೆರೆಯವಳೇ, ಸ್ವಂತ ಮರಗಳ ಸೀಬೆಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದಳು. ನಾನು ಸುಮ್ಮನೆ ಹಠಕ್ಕೆ ದಿನವೂ ಕೊಳ್ಳುತ್ತಿದ್ದೆ. ಆ ದಿನ ಅವಳು ಬುಟ್ಟಿ ಇಳಿಸಿದಾಗ ಮೆಟ್ಟಿಲ ಮೇಲೆ ಕೂತಿದ್ದ ಮಾವ ಬೇರೆ ಕೆಲಸವಿಲ್ಲದೆ ಒಂದೊಂದೇ ಹಣ್ಣು ಎತ್ತಿ ತಿರುಗಿಸಿ ತಿರುಗಿಸಿ ಇಂಟು ಹಾಕುತ್ತಾ ಹೋದರು. ಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಏನ್ ಸಾಮಿ, ಎಣ್ಣು ನೋಡಾಕ್ ಬಂದೋರಂಗೆ ಇಂಗ್ ತಿರುಗ್ಸಿ ನೋಡ್ತೀರ? ಕಚ್ ನೋಡಿ, ಆಮ್ಯಾಕ್ ಮಾತಾಡಿ."

"ಮೇಲೇನೇ ಕಲೆ ಇದೆಯಲ್ಲಮ್ಮ" ಎಂದರು ಮಾವ.

"ನನ್ ಮೊಕದ್ ಮೇಲೂ ಐತೆ. ನಮ್ಮೆಜಮಾನ ಬಿಟ್ಟೋದ್ನಾ?"

ನಾನು ನಕ್ಕೆ. ನಗುತ್ತಲೇ ತಲೆಯಲ್ಲಿ ಏನೋ ಹೊಳೆಯಿತು. ಈ ಮನುಷ್ಯನಿಗೆ ಹಣ್ಣು ತಿನ್ನಿ ಎಂದು ಇಷ್ಟು ದಿನ ಗೋಗರೆದದ್ದೇ ತಪ್ಪಲ್ಲವೇ? ಇವರು ತಿನ್ನುವವರಲ್ಲ, ಪರೀಕ್ಷೆ ಮಾಡುವವರು!

"ಮಾವ, ಒಂದು ಡೌಟು. ಒಂದು ಶಾಫ್ಟಿನ ಒಳಗಡೆ ಬಿರುಕಿದ್ದರೆ ಹೊರಗಿನಿಂದ ನೋಡಿ ಗೊತ್ತಾಗತ್ತಾ?"

"ಹೇಗಮ್ಮ ಗೊತ್ತಾಗತ್ತೆ? ಲಾಟಲ್ಲಿ ಒಂದು ಪೀಸು ಕತ್ತರಿಸಿ ನೋಡ್ಬೇಕು. ಆ ಪೀಸು ಹೋಗತ್ತೆ, ಲಾಟು ಉಳಿಯತ್ತೆ."

"ಹಾಗಾದರೆ ಇಷ್ಟು ವರ್ಷ ಯಾವ ಹಣ್ಣನ್ನೂ ಕತ್ತರಿಸಿ ನೋಡದೆ ರಿಜೆಕ್ಟ್ ಮಾಡಿದ್ದೀರಲ್ಲ. ಅದು ಪ್ರೊಸೀಜರ್ರಾ?"

ಮಾವ ನನ್ನನ್ನು ನೋಡಿದರು. ಮುನಿಯಮ್ಮನನ್ನು ನೋಡಿದರು. ಕೈಯಲ್ಲಿದ್ದ ಸೀಬೆಹಣ್ಣನ್ನು ನೋಡಿದರು. ಆ ಮುಖದಲ್ಲಿ ಸರ್ವೀಸಿನುದ್ದಕ್ಕೂ ಬರದಿದ್ದ ಒಂದು ಅನುಮಾನ ಬಂದದ್ದು ನನಗೆ ಕಂಡಿತು. "ಚಾಕು ತಗೊಂಬಾ" ಎಂದರು.

ನಾನು ಓಡಿದ ರಭಸಕ್ಕೆ ಹೊಸಿಲು ಎಡವಿದೆ. ಚಾಕುವಿನ ಜೊತೆಗೆ ಉಪ್ಪು ಖಾರದ ಪುಡಿಯನ್ನೂ ತಂದೆ. ಟೆಸ್ಟಿಂಗಿಗೆ ಬೇಕಾದ ಕೆಮಿಕಲ್ಸ್ ಎಂದೆ! ಮಾವ ಹಣ್ಣನ್ನು ಸಮನಾಗಿ ಸೀಳಿದರು, ಒಂದು ತೆಳು ಹೋಳು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನೋಯುವ ವಸಡಿನಲ್ಲಿ ನಿಧಾನಕ್ಕೆ ಅಗಿದರು.

"ಒಳಗೆ ಸರಿ ಇದೆ" ಎಂದರು.

ಚೆನ್ನಾಗಿದೆ ಎನ್ನಲಿಲ್ಲ, ನೋಡಿ. ಸರಿ ಇದೆ! ಆದರೆ ಒಂದೇ ಹೋಳಿನಿಂದ ಇಡೀ ಬುಟ್ಟಿಗೆ ತೀರ್ಪು ಕೊಡುವುದು ನ್ಯಾಯವಲ್ಲವಂತೆ. ಮೇಲಿನದೊಂದು, ನಡುವಿನದೊಂದು, ತಳದ್ದೊಂದು ತೆಗೆಯಬೇಕಂತೆ. ತೆಗೆಯಲಿ ಬಿಡಿ!

ಅವತ್ತಿನಿಂದ ನಮ್ಮ ಮೆಟ್ಟಿಲು ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟಾಯಿತು. ಮುನಿಯಮ್ಮ ನನ್ನ ಮಾತು ಕೇಳಿ ದಿನಕ್ಕೊಂದು ಬಗೆ ತರತೊಡಗಿದಳು. ಕಿತ್ತಳೆಗೆ "ಹುಳಿ ಲಿಮಿಟ್ ಒಳಗಿದೆ" ಎಂದಾಯಿತು. ಪರಂಗಿಹಣ್ಣಿಗೆ "ವಾಸನೆ ಔಟು, ರುಚಿ ಪಾಸು" ಎಂದಾಯಿತು. ನಾನು ಬೀದಿಯ ಹೆಂಗಸರಿಗೆಲ್ಲ ಗುಟ್ಟಾಗಿ ಹೇಳಿಬಿಟ್ಟೆ. ಅವರೂ ತಾವು ಕೊಂಡ ಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಇದು ಸರಿ ಇದೆಯಾ ಸ್ವಲ್ಪ ನೋಡಿ ಸಾರ್ ಎನ್ನುತ್ತಿದ್ದರು. ಒಬ್ಬರಂತೂ ಮದುವೆಗೆ ಹೊರಟಿದ್ದ ಹಲಸಿನಹಣ್ಣನ್ನೇ ಇಳಿಸಿ ತೊಳೆ ಬಿಡಿಸಿ ಕೊಟ್ಟರು. ಹೀಗೆ ಇಡೀ ಲಗ್ಗೆರೆಯ ವೈಟಮಿನ್ ಒಂದೊಂದೇ ಹೋಳಾಗಿ ನಮ್ಮ ಮಾವನವರ ಹೊಟ್ಟೆ ಸೇರಿತು. ಅಂಗಳದಲ್ಲಿ ಮತ್ತೆ ಶತಪಥ ಶುರುವಾಯಿತು. ಬಚ್ಚಲಿನಲ್ಲಿ ರಕ್ತ ಕಾಣದಾಯಿತು. ಕಾಲಿನ ಕಲೆಗಳು ಮಾಸಿದವು. ಕ್ಲಿನಿಕ್ಕಿನ ಡಾಕ್ಟರು ಖುಷಿಯಾಗಿ, ಅಂತೂ ಹಣ್ಣು ತಿನ್ನೋದು ಕಲಿತಿರಲ್ಲ ಎಂದರೆ ಮಾವನವರಿಗೆ ಅವಮಾನವಾಯಿತು.

"ನಾನು ಹಣ್ಣು ತಿನ್ನಲ್ಲ ಡಾಕ್ಟ್ರೇ. ಟೆಸ್ಟ್ ಮಾಡ್ತೀನಿ."

ವರ್ಕ್‌ಶಾಪಿನ ಯಜಮಾನರು ಸೋಮವಾರದಿಂದ ಬನ್ನಿ ಎಂದು ಹೇಳಿ ಕಳಿಸಿದರು. ಆ ಬೆಳಿಗ್ಗೆ ಸೈರನ್ನಿಗೆ ಬಹಳ ಮೊದಲೇ ಮಾವ ಇಸ್ತ್ರಿ ಷರಟು ಹಾಕಿ ಗೇಟಿನ ಹತ್ತಿರ ನಿಂತು ಚಡಪಡಿಸುತ್ತಿದ್ದರು. ನಾನು ಕ್ಯಾರಿಯರು ಕಟ್ಟುತ್ತಾ ಒಂದು ಕ್ಷಣ ಕೈ ತಡೆದೆ. ವರ್ಕ್‌ಶಾಪಿನಲ್ಲಿ ಮುನಿಯಮ್ಮನ ಬುಟ್ಟಿ ಇಲ್ಲ, ಸೆರಗಿನಲ್ಲಿ ಹಣ್ಣು ತರುವವರಿಲ್ಲ. ಟೆಸ್ಟು ನಿಂತರೆ ಮತ್ತೆ ರಕ್ತ, ಮತ್ತೆ ಮೆಟ್ಟಿಲು. ಮೇಲಿನ ಡಬ್ಬಿಯಲ್ಲಿ ಒಂದು ಇಡೀ ಸೀಬೆಹಣ್ಣು ಇಟ್ಟೆ. ಕತ್ತರಿಸಲಿಲ್ಲ, ಉಪ್ಪು ಖಾರ ಇಡಲಿಲ್ಲ, ಏನೂ ಹೇಳಲೂ ಇಲ್ಲ. ಪಕ್ಕದಲ್ಲಿ ಒಂದು ಕಲೆಯೂ ಇತ್ತು. ಇದನ್ನು ತಿಂದರೆ ಅದು ಬರೀ ತಿನ್ನುವುದೇ, ಬೇರೆ ಯಾವ ಹೆಸರೂ ಅದಕ್ಕಿಲ್ಲ. ಗೇಟು ದಾಟುವಾಗ ಕಿವಿಯ ಮೇಲೆ ಮನೆಯ ಪೆನ್ಸಿಲ್ಲು ಹಾಗೇ ಇತ್ತು. ತೆಗೆದಿಡಲು ಮರೆತಿದ್ದಾರೆ ಎಂದುಕೊಂಡೆ, ಕರೆಯಲಿಲ್ಲ.

ಆ ದಿನ ನಾನು ಒಂದು ಕಡೆ ಕೂರಲಿಲ್ಲ. ಒಗೆದದ್ದನ್ನೇ ಒಗೆದೆ. ಸಂಜೆ ಅವರು ಬಂದು ಕ್ಯಾರಿಯರು ಕೈಗೆ ಕೊಟ್ಟು, ಯಾವತ್ತಿನಂತೆ ಕೈಕಾಲು ತೊಳೆಯಲು ಹೋದರು. ನಾನು ಅಡುಗೆಮನೆಯಲ್ಲಿ ನಿಂತು ಮೇಲಿನ ಡಬ್ಬಿ ತೆಗೆದೆ. ಸೀಬೆಹಣ್ಣು ಇರಲಿಲ್ಲ. ತೊಟ್ಟು ಮಾತ್ರ ಇತ್ತು. ಮುಚ್ಚಳ ತಿರುಗಿಸಿದರೆ ಸ್ಟೀಲಿನ ಒಳಮೈ ಮೇಲೆ ಒಂದು ನೀಲಿ ಟಿಕ್.

ಹಿತ್ತಿಲ ಬಾಗಿಲಿಗೆ ಹೋಗಿ ನೋಡಿದೆ. ಮಾವ ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಕಿವಿಯ ಮೇಲಿನ ಪೆನ್ಸಿಲ್ಲಿನ ನೀಲಿ ತುದಿಯನ್ನು ಹೊಸದಾಗಿ ಕೆತ್ತಲಾಗಿತ್ತು.

"ಹಣ್ಣು ಪಾಸಾಯ್ತಾ ಮಾವ?" ಎಂದೆ.

"ಅದರ ಮೇಲೆ ಕಲೆ ಇತ್ತಲ್ಲಮ್ಮ, ಅದೆಲ್ಲಿ ಪಾಸಾಗತ್ತೆ" ಎಂದರು. ಟವಲು ಮಡಿಸಿದರು. ಮಡಿಸಿದ್ದನ್ನು ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮತ್ತೆ ಮಡಿಸಿದರು. "ಆ ಟಿಕ್ಕು ಅವತ್ತೇ ನಿಮ್ಮಪ್ಪನ ಮನೇಲಿ ಹಾಕ್ಬೇಕಾಗಿದ್ದು. ಬಾಳೆಹಣ್ಣು ನೋಡೋ ಗಲಾಟೇಲಿ ಮರೆತುಬಿಟ್ಟೆ."

ನಾನು ಒಳಗೆ ಬಂದು ಡಬ್ಬಿ ತೊಳೆದೆ. ತೊಳೆಯದೆ ಏನು ಮಾಡಲಿ, ಬೆಳಿಗ್ಗೆ ಮತ್ತೆ ಊಟ ಕಟ್ಟಬೇಕಲ್ಲ! ಟಿಕ್ ಹೋಯಿತು. ಮಾರನೆಯ ದಿನ ಮತ್ತೊಂದು ಹಣ್ಣು ಇಟ್ಟೆ. ಸಂಜೆ ಮುಚ್ಚಳದ ಮೇಲೆ ಟಿಕ್ ಮತ್ತೆ ಇತ್ತು.

ವರ್ಷಗಳ ನಂತರ ಮಾವ ತೀರಿಹೋದ ಮೇಲೆ ತಲೆದಿಂಬಿನ ಪಕ್ಕದಲ್ಲಿ ಮನೆಯ ಪೆನ್ಸಿಲ್ಲು ಸಿಕ್ಕಿತು. ಬೆಳಕಿಗೆ ಹಿಡಿದು, ಅವರ ಹಾಗೆಯೇ ತಿರುಗಿಸಿ ತಿರುಗಿಸಿ ನೋಡಿದೆ. ಕೆಂಪಿಗಿಂತ ನೀಲಿ ಗಿಡ್ಡವಾಗಿತ್ತು.